ಕಿಟಕಿ ಕಾಣುವುದಿಲ್ಲ, ಬೆಳಕು ಕಾಣುತ್ತದೆ: ಜಾನ್ ಸೋನ್ ಕಟ್ಟಡಗಳಿಗೆ ಒಬ್ಬ ಹಳೇ ಟ್ರೇಸರ್ ಕೊಟ್ಟ ಮಾರ್ಕ್ಸು

ಸೋಮವಾರ ಹೋಗಬೇಡಿ. ಮಂಗಳವಾರವೂ ಬೇಡ. ಲಂಡನ್ನಿನ ಸರ್ ಜಾನ್ ಸೋನ್ ಮ್ಯೂಸಿಯಂ, ಅಂದರೆ ಇನ್ನೂರು ವರ್ಷ ಹಿಂದಿನ ಒಬ್ಬ ಆರ್ಕಿಟೆಕ್ಟ್ ಇದ್ದ ಮನೆ, ಬುಧವಾರದಿಂದ ಭಾನುವಾರದವರೆಗೆ ಮಾತ್ರ ತೆರೆದಿರುತ್ತದೆ. ಇದನ್ನು ನಾನು ಕಲಿತದ್ದು ಮುಚ್ಚಿದ ಬಾಗಿಲ ಮುಂದೆ ನಿಂತು. ಹೋಬರ್ನ್ ಸ್ಟೇಷನ್ನಿನಲ್ಲಿ ಇಳಿದು, ಲಿಂಕನ್ಸ್ ಇನ್ ಫೀಲ್ಡ್ಸ್ ಅನ್ನುವ ದೊಡ್ಡ ಚೌಕದ ಅಂಚಿನಲ್ಲಿ ನಡೆದು, 13ನೇ ನಂಬರಿನ ಮನೆ ಹುಡುಕಿದ್ದೆ. ಫೋನ್ ಮಾಡಿದರೆ ಮಗಳು ನಕ್ಕಳು. "ಅಮ್ಮಾ, ಹೊರಡೋಕೆ ಮುಂಚೆ ನನ್ನ ಕೇಳಬಾರದಿತ್ತಾ? ಇವತ್ತು ಸೋಮವಾರ ಕಣಮ್ಮ." ತಪ್ಪು ನನ್ನದೇ.

ಮೊದಲು ನನ್ನ ಬಗ್ಗೆ ಎರಡು ಮಾತು. ಇಲ್ಲದಿದ್ದರೆ ನಾನು ಯಾವ ಕಡೆಯಿಂದ ಮಾತಾಡುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ. ನಾನು ಆರ್ಕಿಟೆಕ್ಟ್ ಅಲ್ಲ. ಟ್ರೇಸರ್ ಆಗಿ, ಅಂದರೆ ನಕ್ಷೆಯ ಮೇಲೆ ತೆಳು ಕಾಗದ ಇಟ್ಟು ಗೆರೆ ನಕಲು ಮಾಡುವವಳಾಗಿ ಕೆಲಸಕ್ಕೆ ಸೇರಿ, 31 ವರ್ಷ ಬೇರೆಯವರ ಕಟ್ಟಡಗಳ ನಕ್ಷೆ ಬರೆದು, ಡ್ರಾಫ್ಟ್ಸ್‌ಮನ್ ಆಗಿ ರಿಟೈರ್ ಆದವಳು. ಆರ್ಡರಿನಲ್ಲಿ ಡ್ರಾಫ್ಟ್ಸ್‌ಮನ್ ಅಂತಲೇ ಇತ್ತು. ವುಮನ್ ಅಂತ ತಿದ್ದುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಟ್ರೇಸಿಂಗ್ ಪೇಪರಿನ ಮೇಲೆ ಇಂಕು ಚೆಲ್ಲಿದರೆ ಬ್ಲೇಡಿನಿಂದ ಕೆರೆದು ತೆಗೆಯುವುದು, ಅಮೋನಿಯಾ ಪ್ರಿಂಟಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವುದು, ಇದೇ ನನ್ನ ವಿದ್ಯೆ. ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಬಂತು. ಅದೂ ಕಲಿತೆ. ರಿಟೈರ್ ಆದ ಮೇಲೆ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಈ ಪೊರೆಯ ವಿಷಯ ಮುಂದೆ ಬರುತ್ತದೆ, ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಸೋನ್. 1753ರಲ್ಲಿ ಹುಟ್ಟಿದ್ದು, ಇಟ್ಟಿಗೆ ಕಟ್ಟುವ ಕೆಲಸದವನ ಮಗ. ಹುಟ್ಟುವಾಗಿನ ಹೆಸರಿನ ಸ್ಪೆಲ್ಲಿಂಗಿನಲ್ಲಿ ಕೊನೆಯ 'ಇ' ಇರಲಿಲ್ಲ. ದೊಡ್ಡವನಾದ ಮೇಲೆ ತಾನೇ ಸೇರಿಸಿಕೊಂಡ. ಜಾರ್ಜ್ ಡಾನ್ಸ್ ಅನ್ನುವ ಆರ್ಕಿಟೆಕ್ಟ್ ಹತ್ತಿರ ಹುಡುಗನಾಗಿ ಕೆಲಸ ಕಲಿತ. 1776ರಲ್ಲಿ ರಾಯಲ್ ಅಕಾಡೆಮಿ ಅನ್ನುವ ಕಲಾಸಂಸ್ಥೆಯ ಚಿನ್ನದ ಪದಕ ಬಂತು. ಅದರ ಬಲದಿಂದ ವಿದ್ಯಾರ್ಥಿವೇತನ ಸಿಕ್ಕಿ 1778ರಲ್ಲಿ ಇಟಲಿಗೆ ಹೋಗಿ ರೋಮಿನ ಹಾಳು ಕಟ್ಟಡಗಳನ್ನೆಲ್ಲ ಅಳೆದು ಬಂದ. ಆ ಕಾಲದ ಇಂಗ್ಲೆಂಡಿನಲ್ಲಿ ಎಲ್ಲರಿಗೂ ಗ್ರೀಕರ, ರೋಮನ್ನರ ಹುಚ್ಚು. ಕಂಬ, ತ್ರಿಕೋನದ ಮುಂಚಾಚು, ಗುಮ್ಮಟ. ನಿಯೋಕ್ಲಾಸಿಕಲ್ ಅನ್ನುತ್ತಾರಲ್ಲ, ಅದು. ಇವನೂ ಅದೇ ಪಾಠ ಕಲಿತ. ಆಮೇಲೆ ಒಂದೊಂದಾಗಿ ಅಳಿಸುತ್ತಾ ಬಂದ. ಅದು ನನಗೆ ತಟ್ಟಿದ್ದು ಆ ಸೋಮವಾರವೇ.

ಇವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಒಬ್ಬನ ಮನೆಯಲ್ಲಿ ಅಷ್ಟು ಹೊತ್ತು ಸುತ್ತಾಡಿದ ಮೇಲೆ ಬಹುವಚನ ಬರುವುದಿಲ್ಲ.

ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋಗಲು ಮನಸ್ಸಾಗಲಿಲ್ಲ. ಹೋಬರ್ನಿನಿಂದ ಅದೇ ಸೆಂಟ್ರಲ್ ಲೈನಿನಲ್ಲಿ ಮೂರನೇ ಸ್ಟೇಷನ್ ಬ್ಯಾಂಕ್. ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಸೋನ್ 1788ರಿಂದ 1833ರವರೆಗೆ ಆರ್ಕಿಟೆಕ್ಟ್ ಆಗಿದ್ದ. 45 ವರ್ಷ! ಒಂದೇ ಕ್ಲೈಂಟ್! ಮೂರೂವರೆ ಎಕರೆ ಜಾಗ. ಅವನು ಕಟ್ಟಿದ್ದರಲ್ಲಿ ಈಗ ಉಳಿದಿರುವುದು ಹೆಚ್ಚಾಗಿ ಹೊರಗಿನ ಗೋಡೆ ಮಾತ್ರ. ಒಳಗಿನದನ್ನೆಲ್ಲ 1920ರ, 30ರ ದಶಕಗಳಲ್ಲಿ ಕೆಡವಿ ಎತ್ತರದ ಕಟ್ಟಡ ಎಬ್ಬಿಸಿದರು. ಹೊಸದನ್ನು ಕಟ್ಟಿದವನು ಹರ್ಬರ್ಟ್ ಬೇಕರ್. ನಮ್ಮ ದೆಹಲಿಯಲ್ಲಿ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಮಾಡಿದವನೇ.

ಆ ಗೋಡೆಯನ್ನು ಸುತ್ತಿ ನೋಡಿ. ಕಿಟಕಿಯೇ ಇಲ್ಲ. ದುಡ್ಡಿರುವ ಮನೆ, 1780ರಲ್ಲಿ ಲಂಡನ್ನಿನಲ್ಲಿ ದೊಡ್ಡ ದೊಂಬಿ ಬೇರೆ ಆಗಿತ್ತು, ಕಿಟಕಿ ಇಟ್ಟರೆ ಕಳ್ಳರಿಗೆ ಕರೆದಂತೆ. ಹಾಗಾದರೆ ಒಳಗೆ ಗುಮಾಸ್ತರು ಲೆಕ್ಕ ಬರೆಯುವುದು ಹೇಗೆ? ಬೆಳಕನ್ನು ಮೇಲಿನಿಂದ ಇಳಿಸು. ಸೋನ್ ಬದುಕಿಡೀ ಮಾಡಿದ್ದೆಲ್ಲ ಈ ಒಂದು ಕಷ್ಟದಿಂದ ಹುಟ್ಟಿತು ಅಂತ ನನ್ನ ಅನಿಸಿಕೆ. ಪಂಡಿತರು ಒಪ್ಪದಿರಬಹುದು.

ಬಾರ್ಥಲೊಮ್ಯೂ ಲೇನ್ ಅನ್ನುವ ಸಣ್ಣ ಬೀದಿಯಲ್ಲಿ ಬ್ಯಾಂಕಿನದೇ ಮ್ಯೂಸಿಯಂ ಇದೆ, ಬಿಟ್ಟಿ ಪ್ರವೇಶ. ಅದು ತೆರೆಯುವುದು ಸೋಮವಾರದಿಂದ ಶುಕ್ರವಾರ, ಹಾಗಾಗಿ ನನ್ನಂಥ ಮರೆಗುಳಿಗಳಿಗೆ ಅನುಕೂಲ. ಸೋನ್ 1792ರಲ್ಲಿ ಮಾಡಿದ ಸ್ಟಾಕ್ ಆಫೀಸಿನ ಹಾಲನ್ನು ಅಲ್ಲಿ ಮತ್ತೆ ಕಟ್ಟಿ ಇಟ್ಟಿದ್ದಾರೆ. ಅಸಲಿ ಅಲ್ಲ, ನಕಲು. ಆದರೂ ನೋಡಿ. ತೆಳ್ಳಗಿನ ಕಮಾನುಗಳು, ನಡುವೆ ಗಾಜಿನ ಗೋಪುರ, ಅಲ್ಲಿಂದ ಸುರಿಯುವ ಬೆಳಕು. ಕಂಬದ ತಲೆಯಲ್ಲಿ ಎಲೆ, ಬಳ್ಳಿ ಏನೂ ಇಲ್ಲ. ಬದಲಿಗೆ ಗೋಡೆಯ ಮೇಲೆ ಗೀರು. ಸುಮ್ನೆ ಗೀರು! ನೋಡುತ್ತಿದ್ದ ಹಾಗೆ ಗೊತ್ತಾಯಿತು. ಈ ಮನುಷ್ಯ ಗಾರೆಯ ಮೇಲೆ ಪೆನ್ಸಿಲ್ಲಿನ ಗೆರೆ ಎಳೆದಿದ್ದಾನೆ. ಕಂಬ ಇರಬೇಕಾದ ಕಡೆ ಕಂಬದ ನೆನಪನ್ನಷ್ಟೇ ಬರೆದಿದ್ದಾನೆ.

ಇನ್ನೊಂದು ವಿಷಯ ಹೇಳಲೇಬೇಕು. ಬ್ಯಾಂಕಿನ ಈ ಕಮಾನು ಚಾವಣಿಗಳಲ್ಲಿ ಅವನು ಒಳಗೆ ಟೊಳ್ಳಿರುವ ಸುಟ್ಟ ಮಣ್ಣಿನ ಕುಡಿಕೆಗಳನ್ನು ಸೇರಿಸಿ ಕಟ್ಟಿಸಿದ್ದ. ಭಾರ ಕಡಿಮೆ, ಬೆಂಕಿಯೂ ಹತ್ತುವುದಿಲ್ಲ. ಭಾರ ಕಡಿಮೆಯಾದರೆ ಗೋಡೆ ತೆಳ್ಳಗೆ, ಗಾಜು ಜಾಸ್ತಿ. ಆ ಬೆಳಕಿನ ಹಿಂದೆ ಕುಂಬಾರನ ಕೈ ಇದೆ.

ಬುಧವಾರ ಬೆಳಗ್ಗೆ ಹತ್ತಕ್ಕೇ ಮತ್ತೆ 13ನೇ ನಂಬರಿನ ಮುಂದೆ ಹಾಜರಾದೆ. ಈ ಸಲ ಮಗಳೂ ಬಂದಳು, ನನ್ನ ಮೇಲೆ ನಂಬಿಕೆ ಹೋಗಿತ್ತು. ಅಕ್ಕಪಕ್ಕದ 12, 14ನೇ ನಂಬರ್‌ಗಳೂ ಅವನವೇ. 1792ರಲ್ಲಿ 12ನ್ನು ಕೊಂಡು ಕಟ್ಟಿದ, ಆಮೇಲೆ ಕೊಂಡ 13ನ್ನು 1812ರಲ್ಲಿ ಕಟ್ಟಿದ, 1824ರ ಹೊತ್ತಿಗೆ 14ನ್ನು. ಆ ಎರಡು ಇಟ್ಟಿಗೆ ಬಣ್ಣ, ನಡುವಿನದು ಬಿಳಿ ಪೋರ್ಟ್‌ಲ್ಯಾಂಡ್ ಕಲ್ಲಿನ ಮುಖ ಹೊತ್ತು ಒಂದು ಹೆಜ್ಜೆ ಮುಂದೆ ಬಂದು ನಿಂತಿದೆ. ಸಾಲು ಬಿಟ್ಟು ಮುಂದೆ ಬಂದಿದ್ದಕ್ಕೆ ಆಗಿನ ಸರ್ವೇಯರ್ ಕೇಸು ಹಾಕಿದ್ದ. ಸೋನ್ ಗೆದ್ದ. ಸೆಟ್‌ಬ್ಯಾಕ್ ಬಿಡದೆ ಪ್ಲ್ಯಾನು ತಂದವರನ್ನು ನಾನು 31 ವರ್ಷ ನೋಡಿದ್ದೇನೆ. ಅವರೆಲ್ಲರಿಗೂ ಗುರು ಇವನು.

ಪ್ರವೇಶಕ್ಕೆ ದುಡ್ಡಿಲ್ಲ. ದೊಡ್ಡ ಚೀಲ ಮಾತ್ರ ಒಯ್ಯಬೇಡಿ. ಯಾಕೆ ಅಂತ ಒಳಗೆ ಹೋದ ಐದು ನಿಮಿಷಕ್ಕೆ ಗೊತ್ತಾಗುತ್ತದೆ. ಓಣಿಯಂಥ ಜಾಗಗಳು, ಎರಡೂ ಕಡೆ ಅಮೃತಶಿಲೆಯ ಚೂರುಗಳು. ಕೈ, ಕಾಲು, ತಲೆ, ಕಂಬದ ತುದಿ. ನೇರ ನಡೆದರೆ ಸರಿ, ತಿರುಗಿದರೆ ಯಾವುದೋ ರೋಮನ್ ಮೂಗಿಗೆ ಮೊಣಕೈ ತಗಲುತ್ತದೆ. ಸಾಮಾನುಗಳ ಪಕ್ಕ ಚೀಟಿ ಅಂಟಿಸಿಲ್ಲ. ಇದು ಮನೆ, ಸೋನ್ ಬಿಟ್ಟ ಹಾಗೆಯೇ ಇಟ್ಟಿದ್ದಾರೆ. 1833ರಲ್ಲಿ ಅವನು ಪಾರ್ಲಿಮೆಂಟಿನಲ್ಲಿ ಕಾಯಿದೆಯನ್ನೇ ಮಾಡಿಸಿಕೊಂಡ. ತಾನು ಸತ್ತ ಮೇಲೆ ಮನೆ ದೇಶಕ್ಕೆ, ಆದಷ್ಟು ಇದ್ದ ಹಾಗೇ ಇರಬೇಕು, ನೋಡಲು ಬಂದವರಿಂದ ದುಡ್ಡು ತೆಗೆದುಕೊಳ್ಳಬಾರದು. 1837ರಲ್ಲಿ ತೀರಿಕೊಂಡ. ಮಾತು ನಡೆಯುತ್ತಿದೆ.

ಮೊದಲು ಸಿಗುವುದು ಊಟದ ಕೋಣೆ ಮತ್ತು ಲೈಬ್ರರಿ. ಕಡು ಕೆಂಪು ಗೋಡೆ. ಪುಸ್ತಕದ ಕಪಾಟುಗಳ ಮೇಲೆ ಕನ್ನಡಿ ಕೂರಿಸಿದ್ದಾನೆ. ಕೂತು ನೋಡಿದರೆ ಚಾವಣಿ ಕಪಾಟಿನ ಆಚೆಗೂ ಮುಂದುವರಿದ ಹಾಗೆ ಕಾಣುತ್ತದೆ. ಇಷ್ಟಗಲ ಕೋಣೆಯನ್ನು ಅಷ್ಟಗಲ ಮಾಡುವ ಉಪಾಯ. ಚೆನ್ನಾಗಿದೆ, ಆದರೆ ಇದಕ್ಕೆ ನಾನು ಸೋಲಲಿಲ್ಲ.

ಸೋತದ್ದು ಬ್ರೇಕ್‌ಫಾಸ್ಟ್ ರೂಮಿಗೆ.

ಅದು ಸಣ್ಣ ಕೋಣೆ. ನಾಲ್ಕು ಜನ ನಿಂತರೆ ಸಾಕು ಅನ್ನಿಸುತ್ತದೆ. ನಡುವೆ ತಟ್ಟೆಯನ್ನು ಬೋರಲು ಹಾಕಿದಂಥ ಚಪ್ಪಟೆ ಗುಮ್ಮಟ, ನಾಲ್ಕು ಮೂಲೆಯಲ್ಲಿ ತೆಳ್ಳಗಿನ ಆಧಾರ. ನೆತ್ತಿಯಲ್ಲಿ ಒಂದು ಪುಟ್ಟ ಗಾಜಿನ ಗೂಡು. ಇಲ್ಲಿಯವರೆಗೆ ಸರಿ. ಆದರೆ ಗುಮ್ಮಟ ಎರಡು ಪಕ್ಕದ ಗೋಡೆಗೆ ತಾಗುವುದೇ ಇಲ್ಲ! ಗುಮ್ಮಟ ಮುಗಿದ ಮೇಲೆ ಒಂದಿಷ್ಟು ಜಾಗ ಖಾಲಿ, ಆಮೇಲೆ ಗೋಡೆ. ಆ ಖಾಲಿ ಜಾಗದ ಮೇಲೆ, ನಮಗೆ ಕಾಣದಷ್ಟು ಎತ್ತರದಲ್ಲಿ ಬೆಳಕಿಂಡಿ. ಅಲ್ಲಿಂದ ಬೆಳಕು ಗೋಡೆಯ ಮೈಮೇಲೆ ನೀರಿನಂತೆ ಇಳಿಯುತ್ತದೆ. ಕಿಟಕಿ ಎಲ್ಲಿ ಅಂತ ಹುಡುಕಿದರೆ ಸಿಗುವುದಿಲ್ಲ. ಗುಮ್ಮಟದ ಮೂಲೆಗಳಲ್ಲಿ ಉಬ್ಬು ಕನ್ನಡಿ ಬೇರೆ ಇಟ್ಟಿದ್ದಾನೆ. ಅದರಲ್ಲಿ ನಾನು, ಮಗಳು, ಇಡೀ ಕೋಣೆ, ಎಲ್ಲ ಲಿಂಬೆಹಣ್ಣಿನ ಗಾತ್ರಕ್ಕೆ ಕುಗ್ಗಿ ಕಾಣುತ್ತೇವೆ.

ಇದನ್ನು ಫೋಟೋದಲ್ಲಿ ಎಷ್ಟೋ ಸಲ ನೋಡಿದ್ದೆ. ಫೋಟೋದಲ್ಲಿ ಅರ್ಥವಾಗುವುದಿಲ್ಲ. ಪ್ಲ್ಯಾನಿನಲ್ಲೂ ಆಗುವುದಿಲ್ಲ. ಪ್ಲ್ಯಾನಿನಲ್ಲಿ ಇದು ಒಂದು ಚೌಕ, ಒಳಗೊಂದು ಚೌಕ, ಅಷ್ಟೇ. ಸೆಕ್ಷನ್ ಬರೆಯಬೇಕು. ಅಂದರೆ ಕಟ್ಟಡವನ್ನು ಕೇಕಿನಂತೆ ಮೇಲಿನಿಂದ ಕೆಳಗೆ ಕತ್ತರಿಸಿ, ಕತ್ತರಿಸಿದ ಮುಖವನ್ನು ನೋಡಬೇಕು. ಆಗ ಗೊತ್ತಾಗುತ್ತದೆ ಬೆಳಕು ಎಲ್ಲಿ ಹತ್ತಿ, ಎಲ್ಲಿ ತಿರುಗಿ, ಎಲ್ಲಿ ಇಳಿಯುತ್ತದೆ ಅಂತ. ನಮ್ಮ ಆಫೀಸಿನಲ್ಲಿ ಸೆಕ್ಷನ್ ಅಂದರೆ ಕೊನೆಗೆ ಬರೆಯುವ ಶೀಟು. ಪ್ಲ್ಯಾನು, ಎಲಿವೇಶನ್ (ಹೊರಮುಖದ ನಕ್ಷೆ) ಮುಗಿಸಿ, ಸಂಜೆ ಐದಕ್ಕೆ ಬಸ್ಸಿನ ಯೋಚನೆ ಮಾಡುತ್ತಾ ಎಳೆಯುವುದು. ಮೆಟ್ಟಿಲು ಸರಿಯಾಗಿ ಕಂಡರೆ ಆಯಿತು. ಸೋನ್ ಮನೆಯಲ್ಲಿ ಮೊದಲು ಹುಟ್ಟಿದ್ದು ಸೆಕ್ಷನ್, ಪ್ಲ್ಯಾನು ಹಿಂದಿನಿಂದ ಓಡಿ ಬಂದಿದೆ. ನಾನು ಬ್ಯಾಗಿನಿಂದ ಪುಸ್ತಕ ತೆಗೆದು ಅಲ್ಲೇ ಗೀಚಲು ಶುರು ಮಾಡಿದೆ. ಮಗಳು ನಾಚಿಕೊಂಡು ಪಕ್ಕದ ಕೋಣೆಗೆ ಹೋದಳು.

ಗುಟ್ಟಿನ ಬೆಳಕು ಅನ್ನುವ ಅರ್ಥದ ಒಂದು ಫ್ರೆಂಚ್ ಮಾತನ್ನು ಸೋನ್ ತನ್ನ ಪಾಠಗಳಲ್ಲಿ ಬಳಸುತ್ತಿದ್ದ, ಲೂಮಿಯೇರ್ ಮಿಸ್ಟೀರಿಯೂಸ್. ಎಷ್ಟೋ ಕಡೆ ಗಾಜು ಬಿಳಿಯದಲ್ಲ, ಹಳದಿ. ಲಂಡನ್ನಿನ ಬೂದಿ ಬಣ್ಣದ ಆಕಾಶವನ್ನು ಇಟಲಿಯ ಬಿಸಿಲು ಮಾಡುವ ಆಸೆ. ಆ ಹಳದಿಯ ಕೆಳಗೆ ನಿಂತಾಗ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಆಮೇಲೆ ಹೊಳೆಯಿತು. ಪೊರೆ ತೆಗೆಸುವ ಮುಂಚೆ ಜಗತ್ತು ನನಗೆ ಹೀಗೆಯೇ ಕಾಣುತ್ತಿತ್ತು! ಆಪರೇಷನ್ ಆದ ಮಾರನೇ ದಿನ ಪಟ್ಟಿ ಬಿಚ್ಚಿದಾಗ, ಬಿಳಿ ಇಷ್ಟು ಬಿಳಿಯಾಗಿರುತ್ತದಾ ಅಂತ ಗೋಡೆ ನೋಡುತ್ತಾ ಕೂತಿದ್ದೆ. ಸೋನ್‌ಗೂ ಪೊರೆ ಬಂದಿತ್ತು. 1814ರ ಕೊನೆಯಲ್ಲಿ, ಮತ್ತಿನ ಔಷಧಿ ಇಲ್ಲದ ಕಾಲದಲ್ಲಿ, ಕಣ್ಣಿನ ಆಪರೇಷನ್ ಮಾಡಿಸಿಕೊಂಡ. ಬೆಳಕನ್ನು ಇಷ್ಟು ಮುದ್ದು ಮಾಡಿದವನು ಬೆಳಕು ಹೋಗುತ್ತದೆ ಅನ್ನುವ ಭಯದಲ್ಲೇ ಬದುಕಿದ್ದ.

ಹಿಂಭಾಗದಲ್ಲಿ ಗುಮ್ಮಟದ ಜಾಗ. ನೆಲಮಾಳಿಗೆಯಿಂದ ಮೇಲಿನ ಗಾಜಿನವರೆಗೆ ಒಂದೇ ಬಾವಿಯ ಹಾಗೆ ತೆರೆದಿದೆ. ಒಂದು ಕಡೆ ಅಪೊಲೊ ದೇವರ ದೊಡ್ಡ ಅಚ್ಚು ಮೂರ್ತಿ, ಅದರ ಎದುರಿಗೆ ಯಾರ ತಲೆ ಗೊತ್ತಾ? ಸೋನ್‌ದೇ. ಚಾಂಟ್ರಿ ಅನ್ನುವ ಶಿಲ್ಪಿ ಕೆತ್ತಿದ್ದು. ದೇವರ ಎದುರಿಗೆ ತನ್ನನ್ನೇ ಇಟ್ಟುಕೊಂಡ ಮನುಷ್ಯನಿಗೆ ವಿನಯ ಇತ್ತು ಅಂತ ಹೇಳಲಾರೆ.

ಕೆಳಗೆ ಈಜಿಪ್ಟಿನ ರಾಜ ಮೊದಲನೇ ಸೇತಿಯ ಶವಪೆಟ್ಟಿಗೆ. ಬೆಲ್ಜೋನಿ ಅನ್ನುವ ಅನ್ವೇಷಕ 1817ರಲ್ಲಿ ಕಂಡುಹಿಡಿದದ್ದು. ಒಂಬತ್ತು ಅಡಿಗೂ ಉದ್ದ, ಒಂದೇ ಕಲ್ಲು, ಒಳಗೂ ಹೊರಗೂ ಸಣ್ಣ ಸಣ್ಣ ಚಿತ್ರಲಿಪಿ. ಬ್ರಿಟಿಷ್ ಮ್ಯೂಸಿಯಂ 2,000 ಪೌಂಡು ಜಾಸ್ತಿ ಆಯಿತು ಅಂತ ಬಿಟ್ಟಿತು. ಸೋನ್ 1824ರಲ್ಲಿ ಅಷ್ಟೇ ಕೊಟ್ಟು ಕೊಂಡ. ಒಳಗೆ ತರಲು ಮನೆಯ ಹಿಂದಿನ ಗೋಡೆ ಒಡೆಸಿದ. 1825ರ ಮಾರ್ಚಿನಲ್ಲಿ ಮೂರು ರಾತ್ರಿ ಪಾರ್ಟಿ ಮಾಡಿದ, ಎಣ್ಣೆ ದೀಪ ಹಚ್ಚಿಸಿ. ಕಲ್ಲಿನ ಆಚೆಗೆ ಬೆಳಕು ಸೋಸುವಷ್ಟು ತೆಳುವಾದ ಕಲ್ಲು ಅದು. ಸುಮಾರು 900 ಜನ ಬಂದಿದ್ದರಂತೆ. ಆ ಓಣಿಗಳಲ್ಲಿ 900 ಜನ ಹೇಗೆ ಓಡಾಡಿದರೋ, ಎಷ್ಟು ಮೂಗು ಮುರಿದವೋ.

ಪಿಕ್ಚರ್ ರೂಮಿಗೆ ಬಂದಾಗ ಕಾಯಿರಿ, ಅವಸರ ಮಾಡಿ ಹೊರಡಬೇಡಿ. 13 ಅಡಿಗೆ 12 ಅಡಿಯಷ್ಟಿರುವ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಚಿತ್ರ. ಗೋಡೆಗಳೇ ಕಪಾಟಿನ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತವೆ. ಅಲ್ಲಿನವರು ಆಗಾಗ ತೆರೆದು ತೋರಿಸುತ್ತಾರೆ. ಒಂದು ಪದರ ಸರಿಸಿದರೆ ಒಳಗೆ ಇನ್ನೊಂದು ಸಾಲು ಚಿತ್ರ. ದಕ್ಷಿಣದ ಗೋಡೆಯಲ್ಲಿ ಕೊನೆಯ ಪದರ ತೆರೆದಾಗ ಗೋಡೆಯೇ ಇಲ್ಲ! ಒಂದು ಹೆಣ್ಣಿನ ಮೂರ್ತಿ, ಅದರ ಕೆಳಗೆ ನೆಲಮಾಳಿಗೆಯ ಮೇಲೊಂದು ಇಣುಕುನೋಟ. ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ "ಆಹ್" ಅಂದೆವು.

ಇಲ್ಲೇ ಹೋಗಾರ್ತ್ ಅನ್ನುವ ಚಿತ್ರಕಾರನ ಎಂಟು ಚಿತ್ರಗಳ ಸರಣಿ ಇದೆ. ಅಪ್ಪ ಕೂಡಿಟ್ಟ ದುಡ್ಡನ್ನು ಮಗ ಜೂಜು, ಕುಡಿತದಲ್ಲಿ ಕಳೆದು, ಸಾಲದ ಜೈಲು ಸೇರಿ, ಕೊನೆಗೆ ಹುಚ್ಚಾಸ್ಪತ್ರೆಯಲ್ಲಿ ಬೀಳುವ ಕಥೆ. 1802ರಲ್ಲಿ ಕೊಂಡದ್ದು. ಕೊಳ್ಳುವಾಗ ಇಬ್ಬರು ಗಂಡು ಮಕ್ಕಳು ಇನ್ನೂ ಚಿಕ್ಕವರು. ಹನ್ನೆರಡು ವರ್ಷದ ಮೇಲೆ ಕಿರಿಯವನು ಜಾರ್ಜ್ ನಿಜಕ್ಕೂ ಸಾಲ ಮಾಡಿ ಜೈಲಿಗೆ ಹೋದ. ಅಪ್ಪ ಬಿಡಿಸಲಿಲ್ಲ. 1815ರಲ್ಲಿ ಜಾರ್ಜ್ ಹೆಸರು ಹಾಕದೆ ಪತ್ರಿಕೆಯಲ್ಲಿ ಅಪ್ಪನ ಕಟ್ಟಡಗಳನ್ನು ಹೀಯಾಳಿಸಿ ಬರೆದ. ಬರೆದದ್ದು ಮಗನೇ ಅಂತ ತಾಯಿ ಎಲೈಜಾಗೆ ಗೊತ್ತಾಯಿತು. ಅದೇ ನವೆಂಬರಿನಲ್ಲಿ ತೀರಿಕೊಂಡಳು. ಸೋನ್ ಆ ಲೇಖನಗಳಿಗೆ ಕಟ್ಟು ಹಾಕಿಸಿ, ಇವು ಸಾವಿನ ಏಟುಗಳು ಅಂತ ಬರೆದು ಇಟ್ಟುಕೊಂಡ. ಅವಳ ಮುದ್ದಿನ ನಾಯಿ ಫ್ಯಾನಿಗೂ ಅಂಗಳದಲ್ಲಿ ಸಮಾಧಿ ಇದೆ. 'ಅಯ್ಯೋ, ಪಾಪದ ಫ್ಯಾನಿ' ಅಂತ ಕೆತ್ತಿಸಿದ್ದಾನೆ. ನಾಯಿಗೆ ಇದ್ದ ಜಾಗ ಮಗನಿಗೆ ಇರಲಿಲ್ಲ. ಅಪ್ಪನದು ತಪ್ಪೋ ಮಗನದು ತಪ್ಪೋ ನಾನು ಹೇಳುವುದಿಲ್ಲ. ಇಬ್ಬರು ಮಕ್ಕಳೂ ಆರ್ಕಿಟೆಕ್ಟ್ ಆಗಲೇಬೇಕು ಅಂತ ಹಟ ಹಿಡಿದಿದ್ದ, ಇಬ್ಬರೂ ಆಗಲಿಲ್ಲ.

ಇದೇ ಮನೆಯಲ್ಲಿ ಶಿಷ್ಯರು ನಕ್ಷೆ ಬರೆಯುತ್ತಿದ್ದ ಡ್ರಾಯಿಂಗ್ ಆಫೀಸ್ ನೋಡಲು ಗೈಡೆಡ್ ಟೂರಿಗೆ ಮುಂಚೆಯೇ ಬುಕ್ ಮಾಡಬೇಕು, ಅದಕ್ಕೆ ದುಡ್ಡಿದೆ. ಅಳಿಯ ಬುಕ್ ಮಾಡಿಕೊಟ್ಟ. ನನ್ನ ಮಟ್ಟಿಗೆ ಇಡೀ ಲಂಡನ್ ಟ್ರಿಪ್ಪಿನ ದುಡ್ಡು ಇಲ್ಲೇ ವಸೂಲಾಯಿತು. ರಿಪೇರಿ ಮುಗಿಸಿ 2023ರಲ್ಲಿ ತೆರೆದಿದ್ದಾರೆ. ಕಂಬಗಳ ಮೇಲೆ ನಿಲ್ಲಿಸಿದ ಅಟ್ಟ ಅದು. ಇಲ್ಲೂ ಅದೇ ಆಟ, ಅಟ್ಟ ಪಕ್ಕದ ಗೋಡೆಗಳಿಗೆ ತಾಗುವುದಿಲ್ಲ. ಬೆಳಕಿಂಡಿಯ ಬೆಳಕು ಮೊದಲು ಡ್ರಾಯಿಂಗ್ ಟೇಬಲ್ಲಿಗೆ ಬಿದ್ದು, ಉಳಿದದ್ದು ಆ ಸಂದಿನಲ್ಲಿ ಕೆಳಗಿನ ಓಣಿಗೆ ಇಳಿಯುತ್ತದೆ. ಉದ್ದುದ್ದ ಎರಡು ಮೇಜು, ಕೆಳಗೆ ಡ್ರಾಯರುಗಳು, ಗೋಡೆ ತುಂಬ ಗಾರೆಯ ಅಚ್ಚುಗಳು. ಮೇಜಿನ ಎತ್ತರ ನೋಡಿದ ಕೂಡಲೇ ನನ್ನ ಸೊಂಟ ನೋಯಿತು. ಹಳೇ ಗುರುತು.

ಇಲ್ಲಿನ ಹುಡುಗರು ಬೇಸಿಗೆಯಲ್ಲಿ ಬೆಳಗ್ಗೆ 7ರಿಂದ ಸಂಜೆ 7, ಚಳಿಗಾಲದಲ್ಲಿ 8ರಿಂದ 8, ವಾರಕ್ಕೆ ಆರು ದಿನ ಕೂರುತ್ತಿದ್ದರು. ಶಿಷ್ಯರಾಗಿ ಸೇರಲು ಅವರ ಮನೆಯವರೇ ಸೋನ್‌ಗೆ ದುಡ್ಡು ಕಟ್ಟಬೇಕಿತ್ತು. ಅಕಾಡೆಮಿಯಲ್ಲಿ ಅವನು ಪಾಠ ಮಾಡಲು ಸಾವಿರದಷ್ಟು ದೊಡ್ಡ ದೊಡ್ಡ ಬಣ್ಣದ ಚಿತ್ರ ಬರೆದವರು ಇವರೇ. ಕಟ್ಟುತ್ತಿರುವ ಕಟ್ಟಡಗಳಿಗೆ ಇವರನ್ನು ಕಳಿಸಿ ಅರ್ಧ ಎದ್ದ ಗೋಡೆ, ಸಾರವೆ, ಎಲ್ಲ ಬರೆಸುತ್ತಿದ್ದ. ಅದು ಒಳ್ಳೆಯ ಪಾಠ, ಒಪ್ಪುತ್ತೇನೆ. ರಾಬರ್ಟ್ ಸ್ಮರ್ಕ್ ಅನ್ನುವ ಹುಡುಗ ಮಾತ್ರ ಕೆಲವೇ ತಿಂಗಳು ಇದ್ದು, ಜಗಳ ಮಾಡಿಕೊಂಡು ಬಿಟ್ಟು ಹೋದ. ಆಮೇಲೆ ಬ್ರಿಟಿಷ್ ಮ್ಯೂಸಿಯಂ ಕಟ್ಟಿದವನು ಅವನೇ.

ನಮ್ಮ ಶೀಟುಗಳ ಬಲ ಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. ಬರೆದವರು, ಟ್ರೇಸ್ ಮಾಡಿದವರು, ಪರಿಶೀಲಿಸಿದವರು. ನಮ್ಮ ಹೆಸರಿನ ಎರಡು ಅಕ್ಷರ ಅಲ್ಲಿ ಬೀಳುತ್ತಿತ್ತು. ಅಷ್ಟೇ, ಆದರೆ ಬೀಳುತ್ತಿತ್ತು. ಈಗ ನೀವು ಸೋನ್ ಅಂತ ಹುಡುಕಿದರೆ ಬರುವ ಚೆಂದದ ಚಿತ್ರಗಳಲ್ಲಿ ಎಷ್ಟೋ ಬರೆದವನು ಜೋಸೆಫ್ ಗ್ಯಾಂಡಿ. ಬ್ಯಾಂಕ್ ಆಫ್ ಇಂಗ್ಲೆಂಡನ್ನು ಆಕಾಶದಿಂದ ನೋಡಿದಂತೆ, ಚಾವಣಿ ಕಿತ್ತು, ಹಾಳು ಬಿದ್ದಂತೆ ತೋರಿಸುವ ದೊಡ್ಡ ಚಿತ್ರ ಇದೆಯಲ್ಲ, 1830ರದ್ದು, ಅದೂ ಗ್ಯಾಂಡಿಯದೇ. ಅದು ಒಂದೇ ಸಲಕ್ಕೆ ಪ್ಲ್ಯಾನು, ಸೆಕ್ಷನ್, ಎಲಿವೇಶನ್ ಮೂರೂ ಆಗಿದೆ. ಇಂಥದ್ದೊಂದು ಶೀಟು ಬರೆಯಲು ನನಗೆ ಎರಡು ಜನ್ಮ ಬೇಕು. ಬೇಕರ್ ಬಂದು ನಿಜವಾಗಿ ಕೆಡವುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಗ್ಯಾಂಡಿ ಕಾಗದದ ಮೇಲೆ ಕೆಡವಿಟ್ಟಿದ್ದ. 1843ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಸೋನ್ ಅವನಿಗೆ ವರ್ಷಗಟ್ಟಲೆ ಕೆಲಸ ಕೊಟ್ಟ, ನಿಜ. ಆದರೂ ಎಲ್ಲರ ಬಾಯಲ್ಲಿ ಸೋನ್, ಸೋನ್. ನಾನೂ ಈ ಬರಹಕ್ಕೆ ಅವನ ಹೆಸರನ್ನೇ ಇಟ್ಟಿದ್ದೇನೆ ನೋಡಿ.

ಮನೆಗೆ ಮಾರ್ಕ್ಸು ಕೊಡುವುದಾದರೆ ಹತ್ತಕ್ಕೆ ಎಂಟೂವರೆ. ಒಂದೂವರೆ ಕಡಿದದ್ದು ಸಾಮಾನಿನ ರಾಶಿಗೆ. ಕೈಗೆ ಸಿಕ್ಕಿದ್ದೆಲ್ಲ ಗೋಡೆಗೆ ಏರಿಸುವ ಗುಣ ನನ್ನ ಅತ್ತೆಗೂ ಇತ್ತು. ಅವರ ಕಾಲದಲ್ಲಿ ಹಳೇ ಕ್ಯಾಲೆಂಡರು, ಇವನ ಕಾಲದಲ್ಲಿ ರೋಮಿನ ಕಲ್ಲು. ಬ್ರೇಕ್‌ಫಾಸ್ಟ್ ರೂಮಿನಂಥ ಜಾಗ ಮಾಡಬಲ್ಲವನಿಗೆ ಇಷ್ಟೊಂದು ಚೂರುಪಾರು ಯಾಕೆ ಬೇಕಿತ್ತು ಅಂತ ನನಗೆ ಈಗಲೂ ಅರ್ಥವಾಗಿಲ್ಲ.

ಅದಕ್ಕೇ ಸೋನ್ ಕಟ್ಟಿದ ಡಲ್ವಿಚ್ ಚಿತ್ರಶಾಲೆ ನನಗೆ ಮನೆಗಿಂತ ಜಾಸ್ತಿ ಹಿಡಿಸಿತು. ಒಂಬತ್ತೂವರೆ. ದಕ್ಷಿಣ ಲಂಡನ್ನಿನಲ್ಲಿದೆ, ವೆಸ್ಟ್ ಡಲ್ವಿಚ್ ಸ್ಟೇಷನ್ನಿನಿಂದ ನಡೆಯಬಹುದು. ಟಿಕೆಟ್ ಇದೆ. ಪೋಲೆಂಡಿನ ರಾಜ ತನ್ನ ದೇಶಕ್ಕೆ ಚಿತ್ರಸಂಗ್ರಹ ಬೇಕು ಅಂತ ಲಂಡನ್ನಿನ ಇಬ್ಬರು ವ್ಯಾಪಾರಿಗಳಿಗೆ ಹೇಳಿದ್ದ, ಡೆಸೆನ್‌ಫಾನ್ಸ್ ಮತ್ತು ಬೂರ್ಜ್ವಾ. ಅವರು ಐದು ವರ್ಷ ಕೊಂಡು ಕೊಂಡು ಕೂಡಿಸಿದರು. ಅಷ್ಟರಲ್ಲಿ 1795ಕ್ಕೆ ಪೋಲೆಂಡ್ ಅನ್ನುವ ದೇಶವೇ ನಕ್ಷೆಯಿಂದ ಅಳಿಸಿಹೋಯಿತು. ಚಿತ್ರಗಳು ಉಳಿದವು. 1811ರಲ್ಲಿ ಬೂರ್ಜ್ವಾ ಸಾಯುವಾಗ ಅವನ್ನು ಡಲ್ವಿಚ್ ಕಾಲೇಜಿಗೆ ಬಿಟ್ಟ, ಕಟ್ಟಡ ಸೋನ್ ಮಾಡಲಿ ಅಂತ ಹೇಳಿದ. 1817ರಲ್ಲಿ ಜನರಿಗೆ ತೆರೆಯಿತು. ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಗೆ ಚಿತ್ರ ತೋರಿಸಲೆಂದೇ ಕಟ್ಟಿದ ಮೊದಲ ಕಟ್ಟಡ.

ದುಡ್ಡು ಕಡಿಮೆ ಇತ್ತು. ಆದ್ದರಿಂದ ಬರೀ ಇಟ್ಟಿಗೆ. ಕಂಬವಿಲ್ಲ, ಮೂರ್ತಿಯಿಲ್ಲ, ಕಮಾನಿನ ಗುರುತು ಮಾತ್ರ. ಇಟ್ಟಿಗೆಯವನ ಮಗನ ಕೈ ಇಲ್ಲಿ ಕಾಣುತ್ತದೆ. ಒಳಗೆ ಸಾಲಾಗಿ ಕೋಣೆಗಳು, ಒಂದರ ಬಾಗಿಲಿನಿಂದ ಕೊನೆಯದರವರೆಗೆ ನೇರ ನೋಟ. ಪ್ರತಿ ಕೋಣೆಗೂ ನೆತ್ತಿಯ ಮೇಲೆ ಗಾಜಿನ ಗೂಡು. ಗೋಡೆಯಲ್ಲಿ ಕಿಟಕಿ ಇಟ್ಟರೆ ಚಿತ್ರಕ್ಕೆ ಜಾಗ ಹೋಗುತ್ತದೆ, ಬೆಳಕು ಹೊಳೆದು ಕಣ್ಣಿಗೆ ಹೊಡೆಯುತ್ತದೆ. ಮೇಲಿನಿಂದ ಬಂದರೆ ಎರಡೂ ತೊಂದರೆ ಇಲ್ಲ. ಬ್ಯಾಂಕಿನಲ್ಲಿ ಕಳ್ಳರಿಗೆ ಹೆದರಿ ಮಾಡಿದ್ದನ್ನು ಇಲ್ಲಿ ಚಿತ್ರಕ್ಕೋಸ್ಕರ ಮಾಡಿದ. ಕಳ್ಳರು ಮಾತ್ರ ಇಲ್ಲಿಗೂ ಬಂದರು, ಅದು ಬೇರೆ ಮಾತು. ಇಲ್ಲಿರುವ ರೆಂಬ್ರಾಂಟ್‌ನ ಒಂದು ಪುಟ್ಟ ಚಿತ್ರ ನಾಲ್ಕು ಸಲ ಕಳುವಾಗಿ ನಾಲ್ಕು ಸಲವೂ ವಾಪಸ್ ಬಂದಿದೆ.

ನಡುವಿನ ಕೋಣೆಯಿಂದ ಪಕ್ಕಕ್ಕೆ ತಿರುಗಿದರೆ ಸಮಾಧಿ. ಚಿತ್ರಶಾಲೆಯೊಳಗೇ ಸಮಾಧಿ! ಇಬ್ಬರು ವ್ಯಾಪಾರಿಗಳು, ಡೆಸೆನ್‌ಫಾನ್ಸ್‌ನ ಹೆಂಡತಿ ಮಾರ್ಗರೆಟ್, ಮೂವರೂ ಇಲ್ಲೇ. ಮೊದಲು ಗಿಡ್ಡ ಕಂಬಗಳ ಒಂದು ದುಂಡನೆಯ ಕತ್ತಲು. ಅದರಾಚೆ ಶವಪೆಟ್ಟಿಗೆಗಳ ಮೇಲೆ ಜೇನಿನ ಬಣ್ಣದ ಬೆಳಕು, ಮತ್ತೆ ಅದೇ ಹಳದಿ ಗಾಜು. ಹೊರಗೆ ಮೋಡ ಕವಿದು ಹನಿ ಬೀಳುತ್ತಿತ್ತು, ಒಳಗೆ ಸಂಜೆ ಬಿಸಿಲು. 1944ರಲ್ಲಿ ಜರ್ಮನಿಯ ಹಾರುವ ಬಾಂಬು ಇದನ್ನೆಲ್ಲ ಚೂರು ಮಾಡಿತ್ತು. ಮತ್ತೆ ಕಟ್ಟಿದ್ದಾರೆ. ಹಳೆಯ ನಕ್ಷೆ ಇದ್ದರೆ ಕಟ್ಟಡಕ್ಕೆ ಎರಡನೇ ಜೀವ ಇರುತ್ತದೆ ಅಂತ ನಮ್ಮ ರೆಕಾರ್ಡ್ ರೂಮಿನ ಮುದುಕ ಹೇಳುತ್ತಿದ್ದ. ಅವನು ಹೇಳಿದ್ದು ಸಂಬಳ ಏರಿಸಿಕೊಳ್ಳಲು. ಮಾತು ಮಾತ್ರ ಸುಳ್ಳಲ್ಲ.

ಈಲಿಂಗಿನ ಪಿಟ್ಸ್‌ಹ್ಯಾಂಗರ್ ಮ್ಯಾನರ್‌ಗೂ ಹೋದೆವು. 1800ರಲ್ಲಿ ಕೊಂಡು, ಮಕ್ಕಳಿಗೆ ಆರ್ಕಿಟೆಕ್ಚರ್ ರುಚಿ ಹತ್ತಲಿ ಅಂತ ಕಟ್ಟಿದ ಹಳ್ಳಿಮನೆ, 1810ರಲ್ಲಿ ಮಾರಿಬಿಟ್ಟ. ಹಳೇ ಮನೆಯನ್ನೆಲ್ಲ ಕೆಡವಿ ಒಂದು ಭಾಗ ಮಾತ್ರ ಉಳಿಸಿಕೊಂಡ. ಅದು ಅವನ ಗುರು ಡಾನ್ಸ್ ಕಟ್ಟಿದ್ದು, ಹುಡುಗನಾಗಿ ಸೋನ್ ಮೊದಮೊದಲು ಕೆಲಸ ಕಲಿತ ಜಾಗ. ಇದೊಂದು ಮಾಹಿತಿಗೆ ಅರ್ಧ ಮಾರ್ಕು ಜಾಸ್ತಿ ಕೊಟ್ಟು ಏಳು. ಮುಂಭಾಗ ಸ್ವಲ್ಪ ಮದುವೆ ಮಂಟಪದ ಹಾಗಿದೆ. ಸಮಯ ಕಡಿಮೆ ಇದ್ದವರು ಇದನ್ನು ಬಿಡಬಹುದು.

ಕೊನೆಗೆ ಸಮಾಧಿ, ಅವನದೇ. ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನ ಹಿಂದೆ ಸೇಂಟ್ ಪ್ಯಾಂಕ್ರಸ್ ಹಳೇ ಚರ್ಚಿನ ತೋಟದಲ್ಲಿದೆ. ಎಲೈಜಾ ಸತ್ತ ಮರುವರ್ಷ ಅವನೇ ಬರೆದು ಕಟ್ಟಿಸಿದ್ದು. ನಾಲ್ಕು ಆಧಾರದ ಮೇಲೆ ಅದೇ ಚಪ್ಪಟೆ ಗುಮ್ಮಟ, ತುದಿಯಲ್ಲಿ ಪೈನ್ ಕಾಯಿ, ಸುತ್ತ ತನ್ನ ಬಾಲವನ್ನೇ ಕಚ್ಚಿದ ಹಾವು. ಲಂಡನ್ನಿನ ಕೆಂಪು ಟೆಲಿಫೋನ್ ಡಬ್ಬಿಯ ತಲೆ ಇದರಿಂದಲೇ ಬಂದದ್ದು ಅನ್ನುತ್ತಾರೆ. 1924ರಲ್ಲಿ ಡಬ್ಬಿಯ ಡಿಸೈನ್ ಮಾಡಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ 1925ರಿಂದ ಸೋನ್ ಮ್ಯೂಸಿಯಂನ ಟ್ರಸ್ಟಿಯೂ ಆಗಿದ್ದ. ನೋಡಿದರೆ ನಂಬಲೇಬೇಕು. ಊರೂರಿನ ಟೀ ಕಪ್ಪು, ಕೀ ಚೈನುಗಳ ಮೇಲೆ ಇರುವುದು ಎಲೈಜಾಳ ಸಮಾಧಿಯ ತಲೆ! ಇಲ್ಲಿ ಎಲೈಜಾ ಇದ್ದಾಳೆ, 1823ರಲ್ಲಿ ಹೋದ ಹಿರಿಯ ಮಗ ಜಾನ್ ಇದ್ದಾನೆ, ಸೋನ್ ಇದ್ದಾನೆ. ಜಾರ್ಜ್ ಇಲ್ಲ.

ಹೋಗುವವರಿಗೆ ನನ್ನ ಸಲಹೆ: ಮೊದಲು ಡಲ್ವಿಚ್, ಆಮೇಲೆ ಬ್ಯಾಂಕ್, ಮೂರನೆಯದು ಮನೆ. ನಾನು ಹೋದ ಕ್ರಮ ತಪ್ಪು. ಸರಳವಾದದ್ದು ನೋಡಿಕೊಂಡರೆ ಗೊಂದಲದ ಮನೆಯೊಳಗೂ ಬೆಳಕಿನ ದಾರಿ ಹಿಡಿಯಬಹುದು. ಮನೆಗೆ ಎರಡು ಗಂಟೆಯಾದರೂ ಇಟ್ಟುಕೊಳ್ಳಿ. ಮಂಡಿ ನೋವಿದ್ದವರು ನೆಲಮಾಳಿಗೆಯ ಮೆಟ್ಟಿಲಲ್ಲಿ ನಿಧಾನ. ಪೆನ್ಸಿಲ್ ಒಯ್ಯಿರಿ.

ನಾನು ಹೊರಡಲು ಇನ್ನೂ ಒಂಬತ್ತು ದಿನ ಇದೆ, ನಡುವೆ ಒಂದು ಬುಧವಾರ ಬರುತ್ತದೆ. ನಾನು ಬರೆದ ಸೆಕ್ಷನ್ನಿನಲ್ಲಿ ಗುಮ್ಮಟಕ್ಕೂ ಉತ್ತರದ ಗೋಡೆಗೂ ನಡುವಿನ ಸಂದು ಎಷ್ಟು ಅಗಲ ಅಂತ ಹಾಕಿಲ್ಲ. ಕಣ್ಣಳತೆಯಲ್ಲಿ ಮೂರಡಿ ಅಂದುಕೊಂಡಿದ್ದೆ, ಮಗಳು ಎರಡೇ ಅನ್ನುತ್ತಾಳೆ.